ಮಡಕೆಯ ನೀರು ಉತ್ತರವಲ್ಲ

ಮಣ್ಣಿನ ಮಡಕೆಯಲ್ಲಿ ನೀರು ತಣ್ಣಗಾಗುವುದು ರಾಸಾಯನಿಕ ಕ್ರಿಯೆಯಲ್ಲ. ಮಂಜುಗಡ್ಡೆ ಕರಗುವುದೂ ಅಲ್ಲ, ಬೆವರು ಆರಿ ಮೈ ತಂಪಾಗುವುದೂ ಅಲ್ಲ. ಮೂರೂ ಉಷ್ಣವನ್ನು ಹೀರುತ್ತವೆ, ನಿಜ. ಆದರೆ ಮಡಕೆಯಿಂದ ಹೊರಗೆ ಹೋದ ಆವಿಯೂ ನೀರೇ, ಕರಗಿದ ಗಡ್ಡೆಯೂ ನೀರೇ. ಹೊಸ ವಸ್ತು ಹುಟ್ಟದ ಕಡೆ ರಾಸಾಯನಿಕ ಕ್ರಿಯೆ ಎಲ್ಲಿಂದ ಬಂತು? ಹೀಗಿದ್ದೂ ಹತ್ತನೆಯ ತರಗತಿಯ ಮಕ್ಕಳ ಕೈಯಲ್ಲಿ ಓಡಾಡುವ ಗೈಡುಗಳಲ್ಲಿ, ‘ಅಂತರುಷ್ಣಕ ಕ್ರಿಯೆಗೆ ದಿನನಿತ್ಯದ ಜೀವನದಿಂದ ಉದಾಹರಣೆ ಕೊಡಿ’ ಎಂಬ ಪ್ರಶ್ನೆಯ ಕೆಳಗೆ ಇವೇ ಮೂರು ಸಾಲಾಗಿ ಕೂತಿರುವುದನ್ನು ನಾನು ಒಂದಲ್ಲ, ಹಲವು ಬಾರಿ ನೋಡಿದ್ದೇನೆ. ಮಕ್ಕಳು ಅದನ್ನು ಬಾಯಿಪಾಠ ಮಾಡುತ್ತಾರೆ, ಬರೆಯುತ್ತಾರೆ, ಅಂಕ ಪಡೆಯುತ್ತಾರೆ. ಮನೆಗೆ ಹೋಗಿ ಅದೇ ಮಡಕೆಯ ನೀರು ಕುಡಿಯುತ್ತಾರೆ.

ನಾನು ಬಿ.ಎ., ಬಿ.ಎಡ್. ಓದಿದವಳು, ಕನ್ನಡ ಪಾಠ ಹೇಳುವವಳು. ನಿನಗೇಕಮ್ಮ ಈ ಉಸಾಬರಿ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆಯಲ್ಲಿ ನ್ಯಾಯವಿದೆ. ಹಳ್ಳಿಯ ಶಾಲೆಗಳಲ್ಲಿ ವಿಜ್ಞಾನದ ಹುದ್ದೆ ಖಾಲಿ ಬಿದ್ದ ವರ್ಷ ಆ ಪೀರಿಯಡ್ಡಿಗೆ ಹೋಗುವವರು ಯಾರು? ನಮ್ಮಂಥವರೇ. ಹೀಗೆ ಹೋಗಿ ಹೋಗಿ ಒಂದು ಸಂಗತಿ ನನಗೆ ಗಟ್ಟಿಯಾಗಿದೆ. ಉಷ್ಣ ಬಿಡುವ, ಉಷ್ಣ ಹೀರುವ ಕ್ರಿಯೆಗಳ ಪಾಠವನ್ನು ನಾವು ಕಲಿಸುತ್ತಿಲ್ಲ. ಎರಡು ಕಷ್ಟದ ಶಬ್ದಗಳನ್ನು ಕಂಠಪಾಠ ಮಾಡಿಸುತ್ತಿದ್ದೇವೆ, ಅಷ್ಟೆ. ಇದರಿಂದ ಹೋಗುತ್ತಿರುವುದು ಅಂಕವಲ್ಲ. ಕಣ್ಣು ಹೋಗುತ್ತದೆ, ಹುಲ್ಲಿನ ಮೆದೆ ಹೋಗುತ್ತದೆ, ಕೆಲವೊಮ್ಮೆ ನೆರೆಮನೆಯವರ ಜೊತೆಗಿನ ಮಾತೂ ಹೋಗುತ್ತದೆ. ಮುಂದೆ ಹೇಳುತ್ತೇನೆ.

ಮೊದಲು ಶಬ್ದದ ಸಂಗತಿ. ಅದು ನನ್ನ ಮನೆಯ ಕೆಲಸ. ಬಹಿಃ ಎಂದರೆ ಹೊರಗೆ, ಅಂತಃ ಎಂದರೆ ಒಳಗೆ. ವಿಸರ್ಗಕ್ಕೆ ರೇಫ ಬಂದು ಬಹಿರುಷ್ಣ, ಅಂತರುಷ್ಣ ಆಯಿತು. ಐದು ನಿಮಿಷದ ಮಾತು. ಬೋರ್ಡಿನ ಮೇಲೆ ಬಿಡಿಸಿ ತೋರಿಸಿದರೆ ಮಗು ಮತ್ತೆಂದೂ ಇವೆರಡನ್ನು ಅದಲುಬದಲು ಮಾಡುವುದಿಲ್ಲ. ಬಿಡಿಸದೆ ಕೊಟ್ಟರೆ, ‘ಅಂತರ’ ಎಂದರೆ ದೂರ ತಾನೆ, ಆದ್ದರಿಂದ ದೂರದಿಂದ ಬರುವ ಬಿಸಿ ಎಂದು ಒಬ್ಬ ಹುಡುಗಿ ನನಗೆ ವಿವರಿಸಿದಳು. ಅವಳ ತರ್ಕದಲ್ಲಿ ತಪ್ಪೇನೂ ಇರಲಿಲ್ಲ. ಶಬ್ದವನ್ನು ಬೀಗ ಹಾಕಿದ ಪೆಟ್ಟಿಗೆಯಂತೆ ಅವಳ ಕೈಗೆ ಕೊಟ್ಟವರದು ತಪ್ಪು. ಶಾಖಕ್ಕೆ ನಮ್ಮಲ್ಲಿ ಶಬ್ದಗಳಿಗೇನು ಬರ? ಬಿಸಿ, ಕಾವು, ಝಳ, ಬೇಗೆ, ಸೆಕೆ, ಧಗೆ. ಕೋಳಿ ಕೂರುವುದು ಕಾವಿಗೆ, ಒಲೆಯ ಮುಂದೆ ಮುಖಕ್ಕೆ ಬಡಿಯುವುದು ಝಳ. ಪುಸ್ತಕಕ್ಕೆ ಇವೆಲ್ಲ ಸೇರಿ ಒಂದೇ ‘ಉಷ್ಣ’. ಪರಿಭಾಷೆ ಹಾಗಿರಲೇಬೇಕು, ಒಪ್ಪುತ್ತೇನೆ. ಆದರೆ ಪರಿಭಾಷೆಗೆ ಹೋಗುವ ದಾರಿ ಈ ಮಾತುಗಳ ಮೇಲೇ ಹಾದು ಹೋಗಬೇಕು. ಇಲ್ಲದಿದ್ದರೆ ಪರಂಗಿ ಹಣ್ಣು ಉಷ್ಣ, ಸೋರೆಕಾಯಿ ಶೀತ ಎಂಬ ಅಜ್ಜಿಯ ಮಾತನ್ನೂ ಮಕ್ಕಳು ಇದೇ ಪಟ್ಟಿಗೆ ಸೇರಿಸುತ್ತಾರೆ. ಸೇರಿಸಿದ್ದಾರೆ ಕೂಡ. ಅದು ಬೇರೆಯೇ ಲೆಕ್ಕ ಎಂದು ತಿಳಿಸಿ ಹೇಳಬೇಕಾಗುತ್ತದೆ.

ಪಠ್ಯಪುಸ್ತಕವನ್ನು ನಾನು ಬೈಯುತ್ತಿದ್ದೇನೆ ಎಂದು ತಿಳಿಯಬೇಡಿ. ಹತ್ತನೆಯ ತರಗತಿಯ ವಿಜ್ಞಾನದ ಮೊದಲ ಪಾಠವನ್ನೇ ತೆಗೆದು ನೋಡಿ. ಸುಟ್ಟ ಸುಣ್ಣಕ್ಕೆ ನೀರು ಹಾಕಿ ಬೀಕರನ್ನು ಮುಟ್ಟಿ ನೋಡಿ ಎಂದಿದೆ. ಉಸಿರಾಟವೂ ಉಷ್ಣ ಬಿಡುವ ಕ್ರಿಯೆ, ಸೊಪ್ಪುಸದೆ ಕೊಳೆತು ಗೊಬ್ಬರವಾಗುವುದೂ ಅದೇ ಎಂದಿದೆ. ಸುಣ್ಣ, ಉಸಿರು, ತಿಪ್ಪೆ! ಹಳ್ಳಿಯ ಮಗುವಿಗೆ ಇದಕ್ಕಿಂತ ಹತ್ತಿರದ ಮಾತುಗಳು ಯಾವುವು? ಪುಸ್ತಕ ಬಾಗಿಲು ತೆರೆದಿಟ್ಟಿದೆ. ಗೈಡು ಅದನ್ನು ಮುಚ್ಚಿ, ಕಿಟಕಿಯಲ್ಲಿ ಮಡಕೆ ಇಟ್ಟಿದೆ. ಇನ್ನು ನಾವು, ಪಾಠ ಮುಗಿಸುವ ಆತುರದಲ್ಲಿ, ‘ಇಂಪಾರ್ಟೆಂಟು ಇಷ್ಟು ಓದಿಕೊಳ್ಳಿ’ ಎಂದು ಗೈಡಿನ ಪುಟಕ್ಕೇ ಗುರುತು ಹಾಕಿಸುತ್ತೇವೆ.

ಸುಣ್ಣದ ಕತೆಯನ್ನು ಸ್ವಲ್ಪ ವಿವರವಾಗಿ ಹೇಳದೆ ನನಗೆ ಸಮಾಧಾನವಿಲ್ಲ. ನಮ್ಮ ಹೊಣಕೆರೆ ಹೋಬಳಿ ನಾಗಮಂಗಲ ತಾಲ್ಲೂಕಿನದು; ರಾಗಿ, ಹುರುಳಿ, ತೆಂಗಿನ ಸೀಮೆ. ಇಲ್ಲಿ ಹಬ್ಬ ಬಂತೆಂದರೆ ಮನೆಗೆ ಸುಣ್ಣ ಬಳಿಯಬೇಕು. ಸಂತೆಯಿಂದ ತಂದ ಸುಟ್ಟ ಸುಣ್ಣದ ಕಲ್ಲುಗಳನ್ನು ಹಳೆಯ ಗುಡಾಣಕ್ಕೆ ಹಾಕಿ ನೀರು ಹುಯ್ದರೆ ಮೊದಲು ಏನೂ ಆಗುವುದಿಲ್ಲ. ಆಮೇಲೆ ಕಲ್ಲು ಸಣ್ಣಗೆ ಸೀಳುತ್ತದೆ, ಬುಸುಗುಡುತ್ತದೆ, ಕೊತಕೊತ ಕುದಿಯುತ್ತದೆ, ಹಬೆ ಏಳುತ್ತದೆ. ‘ಸುಣ್ಣ ಅರಳ್ತಾ ಅದೆ, ದೂರ ನಿಂತ್ಕೊ ಕಣವ್ವ’ ಎಂದು ಮನೆಯ ಹಿರಿಯರು ಗದರುತ್ತಿದ್ದರು. ಒಲೆಯಿಲ್ಲ, ಬೆಂಕಿಯಿಲ್ಲ, ನೀರು ಕುದಿಯುತ್ತಿದೆ! ಇಂಥ ಸೋಜಿಗ ಅಂಗಳದಲ್ಲೇ ನಡೆಯುತ್ತಿತ್ತು. ಕಲ್ಲು ಉಬ್ಬಿ, ಬಿರಿದು, ಬಿಳಿಯ ಹಿಟ್ಟಾಗುವುದಕ್ಕೆ ‘ಅರಳು’ ಎಂದು ಹೆಸರಿಟ್ಟರಲ್ಲ, ಅವರು ಎಂಥ ಕಣ್ಣುಳ್ಳವರು! ಹೂವಿಗೂ ಅದೇ ಮಾತು, ಹುರಿದ ಭತ್ತಕ್ಕೂ ಅದೇ ಮಾತು.

ಆ ಬಿಸಿ ಎಷ್ಟು? ಒಂದು ಕೆ.ಜಿ. ಒಳ್ಳೆಯ ಸುಟ್ಟ ಸುಣ್ಣ ನೀರಿನೊಡನೆ ಪೂರ್ತಿ ಕೂಡಿದಾಗ ಸುಮಾರು 1,160 ಕಿಲೋಜೌಲ್ ಶಾಖ ಬಿಡುತ್ತದೆ. 25 ಡಿಗ್ರಿಯ ಮೂರೂವರೆ ಲೀಟರಿನಷ್ಟು ನೀರನ್ನು ಕುದಿಯುವ ಹಂತಕ್ಕೆ ತರಲು ಅಷ್ಟು ಸಾಕು. ಇದು ಎಲ್ಲಿಂದ ಬಂತು ಎಂದು ಮಗು ಕೇಳಿದರೆ (ಕೇಳಬೇಕು) ಸುಣ್ಣದ ಗೂಡಿಗೆ ಕರೆದುಕೊಂಡು ಹೋಗಬೇಕು. ಸುಣ್ಣಕಲ್ಲನ್ನು ಸುಮಾರು 900 ಡಿಗ್ರಿ ಕಾವಿನಲ್ಲಿ ಬೇಯಿಸಿದಾಗ ಅದು ಇಂಗಾಲದ ಡೈಆಕ್ಸೈಡನ್ನು ಬಿಟ್ಟುಕೊಟ್ಟು ಸುಟ್ಟ ಸುಣ್ಣವಾಗುತ್ತದೆ. ಇದು ಉಷ್ಣ ಹೀರುವ ಕ್ರಿಯೆ. ದಿನನಿತ್ಯದ ಉದಾಹರಣೆ ಬೇಕಿತ್ತಲ್ಲ, ಇಲ್ಲಿದೆ. ಸೌದೆಯ ಬೆಂಕಿ ಕಲ್ಲಿನೊಳಗೆ ಅಡಗಿ ಕೂತಿತು.

ಈಗ ಲೆಕ್ಕ ನೋಡಿ. ರಸಾಯನಶಾಸ್ತ್ರದವರ ಅಳತೆಯಲ್ಲಿ, ಅಂದರೆ 56 ಗ್ರಾಂ ಸುಟ್ಟ ಸುಣ್ಣಕ್ಕೆ, ಗೂಡಿನಲ್ಲಿ ಕಲ್ಲು ಹೀರಿದ್ದು 178 ಕಿಲೋಜೌಲ್. ಗುಡಾಣದಲ್ಲಿ ನೀರು ಕುಡಿದು ಅರಳುವಾಗ ಹಿಂದಕ್ಕೆ ಕೊಟ್ಟಿದ್ದು 65. ಉಳಿದ 113 ಎಲ್ಲಿ ಹೋಯಿತು? ಗೋಡೆಗೆ ಬಳಿದ ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಮತ್ತೆ ಹೀರಿ, ಎರಡು ಮೂರು ದಿನದಲ್ಲಿ ಬಿಳಿಯ ಹೊಳಪಿನ ಗಟ್ಟಿ ಪದರವಾಗುತ್ತದೆ. ಅಂದರೆ ಮೊದಲಿನ ಸುಣ್ಣಕಲ್ಲೇ ಆಗುತ್ತದೆ. ಆಗ ಬಿಡುವ ಶಾಖ 113. ತೀರಾ ಮೆಲ್ಲಗೆ ಬಿಡುವುದರಿಂದ ನಮ್ಮ ಕೈಗೆ ತಿಳಿಯುವುದಿಲ್ಲ. 65ಕ್ಕೆ 113 ಕೂಡಿಸಿದರೆ 178. ಗೂಡಿನಲ್ಲಿ ತಂದ ಸಾಲ ಗುಡಾಣದಲ್ಲಿ ಸ್ವಲ್ಪ, ಗೋಡೆಯಲ್ಲಿ ಸ್ವಲ್ಪ, ಪೈಸೆ ಬಾಕಿಯಿಲ್ಲದೆ ತೀರಿತು. ಕಾಲೇಜಿನಲ್ಲಿ ಇದಕ್ಕೆ ಹೆಸ್‌ನ ನಿಯಮ ಎನ್ನುತ್ತಾರಂತೆ. ಅಂಗಡಿಯ ಲೆಕ್ಕದ ಪುಸ್ತಕ ನೋಡಿ ಬೆಳೆದ ನಮ್ಮ ಮಕ್ಕಳಿಗೆ ಇದನ್ನು ಹೇಳಲು ಕಾಲೇಜಿನವರೆಗೆ ಕಾಯಬೇಕೆ?

ಈ ಸುಣ್ಣ ಬರೀ ಗೋಡೆಯ ಬಣ್ಣವಲ್ಲ. ಶ್ರೀರಂಗಪಟ್ಟಣದ ಪಕ್ಕದಲ್ಲೇ ಕನ್ನಂಬಾಡಿ ಕಟ್ಟೆ ಇದೆ. ನಮ್ಮ ಮಕ್ಕಳು ಪ್ರವಾಸಕ್ಕೆ ಹೋಗಿ ಬೃಂದಾವನದ ದೀಪ, ಕಾರಂಜಿ ನೋಡಿ ಬರುತ್ತಾರೆ. 1911ರಲ್ಲಿ ಕೆಲಸ ಶುರುವಾಗಿ ಇಪ್ಪತ್ತು ವರ್ಷ ನಡೆದ ಆ ಕಲ್ಲುಕಟ್ಟಡ, ಸುಮಾರು 8,600 ಅಡಿ ಉದ್ದದ್ದು, 130 ಅಡಿ ಎತ್ತರದ್ದು, ಎದ್ದದ್ದು ಸುಣ್ಣ ಮತ್ತು ಸುರ್ಕಿಯ ಗಾರೆಯಲ್ಲಿ. ಸುರ್ಕಿ ಎಂದರೆ ಸುಟ್ಟ ಇಟ್ಟಿಗೆಯ ಪುಡಿ. ಅದು ಅರಳಿದ ಸುಣ್ಣದೊಡನೆ ಕೂಡಿ ನೀರಿನ ನಡುವೆಯೂ ನಿಧಾನವಾಗಿ ಗಟ್ಟಿಯಾಗುತ್ತದೆ. ವಿಶ್ವೇಶ್ವರಯ್ಯನವರ ಹೆಸರು ಹೇಳದ ಭಾಷಣ ನಮ್ಮ ಜಿಲ್ಲೆಯಲ್ಲಿ ಇಲ್ಲ. ಆದರೆ ಕಟ್ಟೆಯನ್ನು ಹಿಡಿದು ನಿಲ್ಲಿಸಿರುವ ಗಾರೆಯೂ ಅಂಗಳದ ಗುಡಾಣವೂ ಒಂದೇ ಪಾಠದ ಎರಡು ಪುಟ ಎಂದು ಯಾವ ವೇದಿಕೆಯಲ್ಲೂ ಕೇಳಿಲ್ಲ.

ಅದೇ ಕಾಲದಲ್ಲಿ ಅಮೆರಿಕದಲ್ಲಿ, 1931ರಿಂದ, ಹೂವರ್ ಅಣೆಕಟ್ಟು ಕಟ್ಟಲು ಹೊರಟವರಿಗೆ ಬೇರೆ ತೊಂದರೆ ಎದುರಾಯಿತು. ಅದು ಸಿಮೆಂಟು ಕಾಂಕ್ರೀಟಿನದು. ಸಿಮೆಂಟು ನೀರಿನೊಡನೆ ಕೂಡಿದಾಗ ಬಿಡುವ ಶಾಖ ಅಷ್ಟು ದಪ್ಪದ ಗೋಡೆಯೊಳಗಿಂದ ಹೊರಬರಲು ನೂರು ವರ್ಷಕ್ಕೂ ಹೆಚ್ಚು ಹಿಡಿಯುತ್ತದೆ, ಅಷ್ಟರಲ್ಲಿ ಗೋಡೆ ಬಿರುಕು ಬಿಡುತ್ತದೆ ಎಂದು ಲೆಕ್ಕ ಹಾಕಿ, ಕಾಂಕ್ರೀಟಿನೊಳಗೆ ಸುಮಾರು 580 ಮೈಲಿ ಉದ್ದದ ಕೊಳವೆ ಹೂತು ತಣ್ಣೀರು ಹರಿಸಿದರು. ಕನ್ನಂಬಾಡಿಯಲ್ಲಿ ಅದು ಬೇಕಾಗಲಿಲ್ಲ. ಸುಣ್ಣ ತನ್ನ ಸಿಟ್ಟನ್ನು ಅರಳಿಸುವ ಗುಂಡಿಯಲ್ಲೇ ತೀರಿಸಿಕೊಂಡು ಗೋಡೆಗೆ ಬರುತ್ತದೆ. ಸಿಮೆಂಟು ಗೋಡೆಗೆ ಬಂದ ಮೇಲೆ ಸಿಟ್ಟಾಗುತ್ತದೆ. ನಮ್ಮೂರಿನ ಗಾರೆ ಕೆಲಸದವರೊಬ್ಬರು ಶಾಲೆಯ ಆರ್‌ಸಿಸಿ ಮೇಲೆ ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸುತ್ತಿದ್ದಾಗ ಕೇಳಿದೆ. ‘ಒಳಗೆ ಕಾಯ್ತಾ ಇರ್ತದೆ ಕಣ್ ಮೇಡಮ್ಮೋರೆ, ನೀರ್ ಕುಡುಸ್ದೆ ಇದ್ರೆ ಒಡ್ದೋಯ್ತದೆ’ ಎಂದರು. ನೀರು ಹೆಚ್ಚಾಗಿ ಬೇಕಿರುವುದು ತಂಪಿಗಲ್ಲ, ಕ್ರಿಯೆ ಮುಂದುವರಿಯಲು. ನೀರು ಆರಿಹೋದರೆ ಸಿಮೆಂಟು ಅರ್ಧಕ್ಕೇ ನಿಂತುಬಿಡುತ್ತದೆ. ಅವರು ‘ಕುಡುಸ್ದೆ’ ಎಂದದ್ದು ನೂರಕ್ಕೆ ನೂರು ಸರಿ. ಐವತ್ತು ಕೆ.ಜಿ.ಯ ಒಂದು ಮೂಟೆ ಮೊದಲ ವಾರದಲ್ಲಿ ಬಿಡುವ ಶಾಖವನ್ನು ಕೂಡಿಡಲು ಬರುವಂತಿದ್ದರೆ ಒಂದು ಹಂಡೆ, ಅಂದರೆ ನಲವತ್ತು ಲೀಟರಿನಷ್ಟು, ನೀರು ಕಾಯಿಸಬಹುದು. ಆ ದಿನ ತಾರಸಿಯ ಕೆಳಗಿನ ಕೋಣೆಯಲ್ಲಿ ಮಕ್ಕಳು ಬಹಿರುಷ್ಣಕ ಕ್ರಿಯೆಯ ವ್ಯಾಖ್ಯೆಯನ್ನು ಐದೈದು ಸಲ ಬರೆಯುತ್ತಿದ್ದರು. ಅವರನ್ನು ಮೆಟ್ಟಿಲು ಹತ್ತಿಸಿ ಒಂದು ಸಲ ಅಂಗೈ ಊರಿಸಲು ಅಡ್ಡಿ ಏನಿತ್ತು?

ಈಗ ಕಣ್ಣಿನ ಮಾತಿಗೆ ಬರುತ್ತೇನೆ. ‘ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ’ ಎಂಬ ಗಾದೆಯನ್ನು ನಾನು ಎಷ್ಟು ಸಲ ವಿಸ್ತರಿಸಿ ಬರೆಸಿದ್ದೇನೋ ಲೆಕ್ಕವಿಲ್ಲ. ಪಕ್ಷಪಾತ, ಅತ್ತೆ, ಸೊಸೆ, ಮಗಳು ಎಂದು ಮಕ್ಕಳು ಪುಟ ತುಂಬಿಸುತ್ತಾರೆ. ಸುಣ್ಣ ಕಣ್ಣಿಗೆ ಬಿದ್ದರೆ ನಿಜವಾಗಿ ಏನಾಗುತ್ತದೆ ಎಂದು ಒಬ್ಬರೂ ಬರೆಯುವುದಿಲ್ಲ. ಎಲೆಅಡಿಕೆಯ ಸುಣ್ಣದ ಪೊಟ್ಟಣ, ಟ್ಯೂಬು ಹಿಸುಕಿ ಆಡುವಾಗ ಅದು ಸಿಡಿದು ಕಣ್ಣು ಸುಟ್ಟುಕೊಳ್ಳುವ ಚಿಕ್ಕ ಮಕ್ಕಳು ನಮ್ಮ ದೇಶದ ಕಣ್ಣಿನ ವೈದ್ಯರಿಗೆ ಹೊಸಬರಲ್ಲ. ಎಲೆಗೆ ಹಚ್ಚುವ ಸುಣ್ಣ ಆಗಲೇ ಅರಳಿದ್ದು, ಅದರಲ್ಲಿ ಬಿಸಿಯಿಲ್ಲ. ಆದರೂ ಅದು ಕಟುವಾದ ಕ್ಷಾರ. ಕಣ್ಣಿನ ಕಪ್ಪುಗುಡ್ಡೆಯ ಮೇಲಿನ ತಿಳಿಪೊರೆಯನ್ನು ತಿಂದುಹಾಕುತ್ತದೆ. ಸುಟ್ಟ ಸುಣ್ಣ ಬಿದ್ದರೆ ಕ್ಷಾರದ ಉರಿಯ ಜೊತೆಗೆ ಅರಳುವ ಬಿಸಿಯೂ ಸೇರುತ್ತದೆ. ಕಣ್ಣಿನ ತೇವವೇ ಅದಕ್ಕೆ ನೀರು. ಆಗ ಮಾಡಬೇಕಾದ್ದು ಒಂದೇ. ಇದ್ದ ಜಾಗದಲ್ಲೇ ರೆಪ್ಪೆ ಬಿಡಿಸಿ ಹಿಡಿದು, ಧಾರಾಳ ನೀರಿನಿಂದ ಕಾಲು ಗಂಟೆಗೂ ಹೆಚ್ಚು ಹೊತ್ತು ತೊಳೆಯುವುದು, ಕಾಣುವ ಹರಳನ್ನು ನೀರಿನಿಂದಲೇ ಹೊರಹಾಕುವುದು, ಆಮೇಲೆ ಆಸ್ಪತ್ರೆಗೆ ಓಡುವುದು. ಮೈಮೇಲೆ ಒಣ ಸುಟ್ಟ ಸುಣ್ಣ ಬಿದ್ದಿದ್ದರೆ ಮೊದಲು ಕೊಡವಿ, ಆಮೇಲೆ ಹೆಚ್ಚು ನೀರು. ಎಣ್ಣೆ, ಎದೆಹಾಲು, ಬೆಣ್ಣೆ ಯಾವುದೂ ಬೇಡ. ಗಾದೆಯ ಬೆಣ್ಣೆ ಗಾದೆಯಲ್ಲೇ ಇರಲಿ.

ಈ ನಾಲ್ಕು ವಾಕ್ಯ ಯಾವ ಗೈಡಿನಲ್ಲಿದೆ? ಹೋಗಲಿ, ಯಾವ ತರಗತಿಯಲ್ಲಿ ಹೇಳುತ್ತಾರೆ? 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಪ್ಲಾಸ್ಟಿಕ್ ಕೊಳವೆಗೆ ಕಾರ್ಬೈಡ್ ಮತ್ತು ನೀರು ಹಾಕಿ ಹೊಡೆಯುವ ‘ಕಾರ್ಬೈಡ್ ಗನ್ನು’ ಆಡಲು ಹೋಗಿ ನೂರಕ್ಕೂ ಹೆಚ್ಚು ಮಂದಿ ಕಣ್ಣಿಗೆ ಪೆಟ್ಟು ಮಾಡಿಕೊಂಡರು, ಅವರಲ್ಲಿ ಹೆಚ್ಚಿನವರು ಮಕ್ಕಳು. ಕಾರ್ಬೈಡ್ ನೀರಿಗೆ ಬಿದ್ದರೆ ಬಿಸಿಯೂ ಬರುತ್ತದೆ, ಹತ್ತಿ ಉರಿಯುವ ಅನಿಲವೂ ಬರುತ್ತದೆ. ಅದೇ ಕಾರ್ಬೈಡಿನ ಪೊಟ್ಟಣವನ್ನು ಕಾನೂನು ಬೇಡವೆಂದರೂ ಕದ್ದುಮುಚ್ಚಿ ಮಾವಿನ ಹಣ್ಣಿನ ಪೆಟ್ಟಿಗೆಗೆ ಇಡುವವರು ಇದ್ದಾರೆ. ಆ ಮಕ್ಕಳಲ್ಲೂ ಈ ಪಾಠಕ್ಕೆ ಅಂಕ ಪಡೆದವರು ಇಲ್ಲದೆ ಇರಲಾರರು.

ಮೆದೆಯ ಸಂಗತಿ ಇದಕ್ಕಿಂತ ಸೂಕ್ಷ್ಮ. ಮಾಗಿಯ ಬೆಳಗ್ಗೆ ತಿಪ್ಪೆಯ ಮೇಲೆ ಹಬೆಯಾಡುವುದನ್ನು, ಊರ ನಾಯಿಗಳು ಅಲ್ಲೇ ಮುದುರಿ ಮಲಗುವುದನ್ನು ನೀವೆಲ್ಲ ಕಂಡಿದ್ದೀರಿ. ಸಗಣಿ, ಸೊಪ್ಪು, ಗಂಜಲದ ಹುಲ್ಲನ್ನು ಕಣ್ಣಿಗೆ ಕಾಣದ ಜೀವಿಗಳು ತಿಂದು ಉಸಿರಾಡುವಾಗ ಶಾಖ ಹೊರಡುತ್ತದೆ. ಚೆನ್ನಾಗಿ ಒಟ್ಟಿದ ತಿಪ್ಪೆಯ ನಡುವೆ 55ರಿಂದ 65 ಡಿಗ್ರಿಯಷ್ಟು ಕಾವಿರುತ್ತದೆ. ಕಳೆಯ ಬೀಜ ಸಾಯುವುದು ಆ ಕಾವಿಗೇ. ‘ಗೊಬ್ಬರದ ಕಾವು ಇಳೀಲಿ, ಆಮ್ಯಾಕೆ ಹಾಕಾನ’ ಎಂದು ರೈತರು ಹೇಳುವುದರಲ್ಲಿ ಇಡೀ ಪಾಠವಿದೆ. ಈಗ ತಿಪ್ಪೆಯಲ್ಲಿ ನಡೆಯುವುದೇ ಹುಲ್ಲಿನ ಮೆದೆಯಲ್ಲಿ ನಡೆದರೆ? ಕೊಯ್ಲಿನ ಹೊತ್ತಿಗೆ ಸೈಕ್ಲೋನ್ ಮಳೆ ಹಿಡಿದು, ಹುಲ್ಲು ಪೂರ್ತಿ ಆರುವ ಮೊದಲೇ ಮೆದೆ ಒಟ್ಟಿಬಿಟ್ಟರೆ ಒಳಗಿನ ತೇವದಲ್ಲಿ ಅದೇ ಜೀವಿಗಳು ಕೆಲಸ ಶುರು ಮಾಡುತ್ತವೆ. ಕಾವು ಹೊರಹೋಗಲು ದಾರಿಯಿಲ್ಲ. ಅರುವತ್ತು, ಎಪ್ಪತ್ತು ಡಿಗ್ರಿಗೆ ಜೀವಿಗಳು ಸತ್ತರೂ, ಅಷ್ಟು ಬಿಸಿಯಾದ ಹುಲ್ಲು ಗಾಳಿಯ ಆಮ್ಲಜನಕದೊಡನೆ ತಾನೇ ಕೂಡತೊಡಗಿ ಇನ್ನೂ ಕಾಯುತ್ತದೆ. ಎರಡು ವಾರವೋ ಐದಾರು ವಾರವೋ ಕಳೆದು, ಯಾರೂ ಬೆಂಕಿ ಇಡದೆ, ಮೆದೆ ಒಳಗಿನಿಂದ ಹತ್ತಿಕೊಳ್ಳಬಹುದು.

ಎಲ್ಲ ಮೆದೆಯ ಬೆಂಕಿಯೂ ಹೀಗೇ ಎಂದು ನಾನು ಹೇಳುವುದಿಲ್ಲ. ಬೀಡಿಯ ಬೆಂಕಿಯುಂಟು, ವಿದ್ಯುತ್ ತಂತಿಯ ಕಿಡಿಯುಂಟು, ದ್ವೇಷಕ್ಕೆ ಹಚ್ಚಿದ ಬೆಂಕಿಯೂ ಉಂಟು. ಆದರೆ ಊರಿನಲ್ಲಿ ಮೆದೆ ಹತ್ತಿದರೆ ಮೊದಲು ಬಾಯಿಗೆ ಬರುವುದು ದಾಯಾದಿಯ ಹೆಸರೇ. ನಮ್ಮ ಸುತ್ತಿನ ಒಂದು ಊರಿನಲ್ಲಿ ಹೀಗೆ ಮೆದೆ ಸುಟ್ಟ ಮೇಲೆ ಎರಡು ಮನೆಗಳು ಬಾಯಿ ಬಿಟ್ಟವು. ಒಂದೇ ಗೋಡೆಯ ಎರಡು ಬದಿಯವರು, ಮದುವೆಗೂ ಕರೆಯಲಿಲ್ಲ, ಸಾವಿಗೂ ಬರಲಿಲ್ಲ. ಎರಡೂ ಮನೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳಿದ್ದರು. ಆ ವರ್ಷ ಹುಲ್ಲು ನೆನೆದಿತ್ತೇ, ಮೊದಲು ಹಬೆ ಕಂಡಿತ್ತೇ, ಹುಳಿ ವಾಸನೆ ಬಂದಿತ್ತೇ ಎಂದು ಕೇಳಲು ಒಬ್ಬರಿಗೂ ಹೊಳೆಯಲಿಲ್ಲ. ಮೆದೆಯೊಳಕ್ಕೆ ಒಂದು ಕಬ್ಬಿಣದ ಸರಳು ತೂರಿಸಿ, ಅರ್ಧ ಗಂಟೆ ಬಿಟ್ಟು ಎಳೆದು ಮುಟ್ಟಿ ನೋಡಿದರೆ ಒಳಗಿನ ಕಾವು ತಿಳಿಯುತ್ತದೆ. ಕೈಯಲ್ಲಿ ಹಿಡಿಯಲಾಗದಷ್ಟು ಸುಟ್ಟರೆ ಅಪಾಯ. ಆಗಲೂ ನೀರು ಪಕ್ಕದಲ್ಲಿಟ್ಟುಕೊಳ್ಳದೆ ಮೆದೆ ಕೀಳಬಾರದು, ಗಾಳಿ ಸಿಕ್ಕೊಡನೆ ಭಗ್ಗೆನ್ನುತ್ತದೆ. ಇಷ್ಟು ಹೇಳಬಲ್ಲ ಒಬ್ಬ ಹುಡುಗ ಊರಲ್ಲಿದ್ದಿದ್ದರೆ ಆ ಎರಡು ಮನೆಯವರು ಕೊನೆಯ ಪಕ್ಷ ಇನ್ನೊಂದು ಕಾರಣವನ್ನೂ ಯೋಚಿಸುತ್ತಿದ್ದರು.

ಇದಕ್ಕೆ ನಮ್ಮವರು ಕೊಡುವ ಸಮಜಾಯಿಷಿಗಳನ್ನು ನಾನು ಬಲ್ಲೆ. ಸುಣ್ಣ ಅಪಾಯ, ಮಕ್ಕಳಿಗೆ ಏನಾದರೂ ಆದರೆ ಯಾರು ಹೊಣೆ ಎನ್ನುತ್ತಾರೆ. ಉಷ್ಣ ಹೀರುವ ಕ್ರಿಯೆಗೆ ಪುಸ್ತಕದಲ್ಲಿರುವ ಪ್ರಯೋಗ ಬೇರಿಯಂ ಹೈಡ್ರಾಕ್ಸೈಡಿನದು. ಬೇರಿಯಂ ವಿಷ, ಹಳ್ಳಿಯಲ್ಲಿ ಸಿಕ್ಕುವುದೂ ಇಲ್ಲ. ಅದನ್ನು ತರಿಸಿ ಬೀರುವಿನಲ್ಲಿಟ್ಟು ಬೀಗ ಹಾಕಲು ಯಾರಿಗೂ ಭಯವಿಲ್ಲ, ಮಕ್ಕಳ ಮನೆಯಲ್ಲೇ ಇರುವ ಸುಣ್ಣಕ್ಕೆ ಭಯ! ಲಿಂಬೆಗಾತ್ರದ ಸುಟ್ಟ ಸುಣ್ಣವನ್ನು ಮಣ್ಣಿನ ಕುಡಿಕೆಗೆ ಹಾಕಿ, ಉಪಾಧ್ಯಾಯರು ಕನ್ನಡಕ ಹಾಕಿಕೊಂಡು ಸ್ವಲ್ಪ ಸ್ವಲ್ಪವೇ ನೀರು ಬಿಟ್ಟು, ಮಕ್ಕಳನ್ನು ಐದಾರು ಅಡಿ ದೂರ ಕೂರಿಸಿದರೆ ಸಾಕು. ಅಪಾಯವನ್ನು ದೂರದಿಂದ ಕಂಡ ಮಗು ಹತ್ತಿರ ಹೋಗುವುದಿಲ್ಲ. ಉಷ್ಣ ಹೀರುವುದಕ್ಕೆ ಬೇರಿಯಂ ಬೇಡ. ಅರ್ಧ ಲೋಟ ನೀರಿನಲ್ಲಿ ಎರಡು ಚಮಚ ನಿಂಬೆ ಉಪ್ಪು ಕರಗಿಸಿ, ಐದು ನಿಮಿಷ ಬಿಟ್ಟು, ಅಡುಗೆ ಸೋಡ ಹಾಕಿ; ನೊರೆಯುಕ್ಕುವಾಗ ಲೋಟ ಕೈಗೆ ತಣ್ಣಗೆ ತಾಗುತ್ತದೆ, ಥರ್ಮಾಮೀಟರ್ ಕೆಲವು ಡಿಗ್ರಿ ಇಳಿಯುತ್ತದೆ. ಇಲ್ಲಿ ಹೊಸ ವಸ್ತು ಹುಟ್ಟಿದೆ, ಅನಿಲ ಹೊರಬಂದಿದೆ. ಯಾವ ತಕರಾರೂ ಇಲ್ಲ. ಇನ್ನೂ ದೊಡ್ಡದು ಬೇಕೆಂದರೆ ಕಿಟಕಿಯಿಂದ ಹೊರಗೆ ನೋಡಿ. ರಾಗಿಯ ಹೊಲ, ಕೆ.ಆರ್.ಪೇಟೆ, ಪಾಂಡವಪುರದ ಕಡೆಯ ಕಬ್ಬಿನ ಗದ್ದೆ, ಹಸಿರೆಲ್ಲವೂ ಬಿಸಿಲನ್ನು ಹೀರಿ ಹಿಟ್ಟು, ಸಕ್ಕರೆ ಮಾಡುತ್ತಿದೆ. ಆಲೆಮನೆಯ ಕೊಪ್ಪರಿಗೆಯ ಕೆಳಗೆ ಕಬ್ಬಿನ ಸಿಪ್ಪೆ ಉರಿದಾಗ ಹೊರಬರುವುದು ಆ ಬಿಸಿಲೇ. ಬೆಲ್ಲ ತಿಂದ ಮಗುವಿನ ಮೈ 37 ಡಿಗ್ರಿ ಇರುವುದೂ ಆ ಬಿಸಿಲಿನಿಂದಲೇ. ಸುಮ್ಮನೆ ಕೂತ ನಲವತ್ತು ಮಕ್ಕಳ ಮೈಯಿಂದ ಹೊರಡುವ ಶಾಖ ನೀರು ಕಾಯಿಸುವ ಎರಡು ವಿದ್ಯುತ್ ಕಾಯಿಲ್‌ಗಳಷ್ಟಾಗುತ್ತದೆ. ಏಪ್ರಿಲ್‌ನಲ್ಲಿ ಶೀಟು ಹೊದಿಸಿದ ಕೋಣೆಯಲ್ಲಿ ಪಾಠ ಮಾಡಿದವರಿಗೆ ಇದನ್ನು ನಂಬಿಸುವುದು ಕಷ್ಟವಲ್ಲ.

ಸಮಯವಿಲ್ಲ ಎನ್ನುವುದು ಇನ್ನೊಂದು ಸಬೂಬು. ವ್ಯಾಖ್ಯೆಯನ್ನು ಐದು ಸಲ ಬರೆಸಲು ಸಿಕ್ಕುವ ಸಮಯ ಒಂದು ಸಲ ತೋರಿಸಲು ಸಿಕ್ಕುವುದಿಲ್ಲವೆ? ಅದಿರಲಿ. ಎಲ್ಲಕ್ಕಿಂತ ನನ್ನನ್ನು ಕೆರಳಿಸಿದ ಮಾತು ಒಂದಿದೆ. ಒಬ್ಬ ಹುಡುಗ, ತೋಟದಲ್ಲಿ ಅಪ್ಪನಿಗೆ ಔಷಧಿ ಹೊಡೆಯಲು ನೆರವಾಗುವವನು, ಎದ್ದು ನಿಂತು ಕೇಳಿದ: ‘ಮೇಡಂ, ಯೂರಿಯಾ ನೀರಿಗ್ ಹಾಕಿ ಕಲಕುದ್ರೆ ಬಕೀಟೇ ತಣ್ಗಾಯ್ತದಲ್ಲ, ಅದ್ಯಾವ ಕ್ರಿಯೆ?’ ಒಳ್ಳೆಯ ಪ್ರಶ್ನೆ. ಒಂದು ಕೆ.ಜಿ. ಯೂರಿಯಾ ಹತ್ತು ಲೀಟರ್ ನೀರಿನಲ್ಲಿ ಕರಗಿದರೆ ನೀರು ಐದಾರು ಡಿಗ್ರಿ ತಣ್ಣಗಾಗುತ್ತದೆ. ಇದು ಕರಗುವಿಕೆಯೇ ಹೊರತು ರಾಸಾಯನಿಕ ಕ್ರಿಯೆಯಲ್ಲ ಎನ್ನಬೇಕು; ಏಕೆಂದು ಚರ್ಚಿಸಲು ಒಂದು ಇಡೀ ಪೀರಿಯಡ್ಡು ಸಾಲದು. ಅವನು ಇದೇ ಪ್ರಶ್ನೆಯನ್ನು ಮೊದಲು ವಿಜ್ಞಾನ ಹೇಳುವವರನ್ನು ಕೇಳಿದ್ದನಂತೆ. ಅವರೆಂದರಂತೆ: ‘ಅದೆಲ್ಲ ಬರೀಬೇಡ, ಮಾರ್ಕ್ಸ್ ಹೋಗುತ್ತೆ. ಮಂಜುಗಡ್ಡೆ ಅಂತ ಬರಿ.’ ಯೂರಿಯಾ ಕರಗುವುದು ರಾಸಾಯನಿಕ ಕ್ರಿಯೆಯಲ್ಲದಿದ್ದರೆ ಮಂಜುಗಡ್ಡೆ ಕರಗುವುದು ಹೇಗೆ ಆದೀತು? ಆ ಹುಡುಗ ಅಂಗೈಯಲ್ಲಿ ತಿಳಿದದ್ದನ್ನು ಬಿಟ್ಟು, ತನ್ನ ಮನೆಯಲ್ಲಿ ಫ್ರಿಜ್ಜೇ ಇಲ್ಲದ ಮಂಜುಗಡ್ಡೆಯನ್ನು ಬರೆದ. ಅಂಕ ಬಂತು.

ಆದ್ದರಿಂದ ಪ್ರಶ್ನೆಪತ್ರಿಕೆ ತೆಗೆಯುವವರಲ್ಲಿ ನನ್ನ ಬೇಡಿಕೆ ಇಷ್ಟೆ. ‘ವ್ಯಾಖ್ಯಾನಿಸಿ’, ‘ಉದಾಹರಣೆ ಕೊಡಿ’ ಎಂಬೆರಡನ್ನು ಕೆಲವು ವರ್ಷ ಕೈಬಿಡಿ. ಗೈಡು ಬರೆಯುವವರು ಪ್ರಶ್ನೆಯ ಹಿಂದೆಯೇ ಓಡಿ ಬರುತ್ತಾರೆ, ಅವರ ಚಿಂತೆ ಬೇಡ. ನಾನು ತರಗತಿಯ ಕಿರುಪರೀಕ್ಷೆಗೆ ಕೊಟ್ಟ ಮೂರು ಪ್ರಶ್ನೆಗಳನ್ನು ಇಲ್ಲಿ ಬರೆಯುತ್ತೇನೆ, ಬೇಕಾದವರು ಬಳಸಿಕೊಳ್ಳಬಹುದು. ಒಂದು: ಸುಣ್ಣ ಅರಳಿಸುವ ಗುಡಾಣ ಬಿಸಿಯಾಯಿತು, ಆ ಬಿಸಿ ಮೊದಲು ಎಲ್ಲಿತ್ತು? ಎರಡು: ನಿನ್ನ ತಮ್ಮನ ಕಣ್ಣಿಗೆ ಸುಣ್ಣದ ಟ್ಯೂಬು ಸಿಡಿದಿದೆ, ಅಜ್ಜಿ ಬೆಣ್ಣೆ ತರುತ್ತಿದ್ದಾರೆ, ನೀನು ಏನು ಮಾಡುತ್ತೀಯೆ, ಅಜ್ಜಿಗೆ ಏನು ಹೇಳುತ್ತೀಯೆ? ಮೂರು: ಮಳೆಯಲ್ಲಿ ನೆನೆದ ಹುಲ್ಲನ್ನು ಮೆದೆ ಒಟ್ಟಿ ಹದಿನೈದು ದಿನವಾಗಿದೆ; ಬೆಳಗ್ಗೆ ಮೆದೆಯ ನೆತ್ತಿಯಲ್ಲಿ ಹಬೆ ಕಾಣುತ್ತಿದೆ, ಪಕ್ಕದ ಮನೆಯವರು ಅದೇ ದಾರಿಯಲ್ಲಿ ಹೊಲಕ್ಕೆ ಹೋಗುತ್ತಿದ್ದಾರೆ. ಅವರನ್ನು ಕರೆದು ಏನು ಹೇಳುತ್ತೀಯೆ? ಇದಕ್ಕೆ ನಾಲ್ಕು ಅಂಕ.